ಬಿದಿರಿನ ನಕ್ಷತ್ರ, ಗೋದಲಿ, ಮರದ ಅಲಂಕಾರ: ಈಗಲೂ ಮನೆಯಲ್ಲೇ ಮಾಡುವವರು ಯಾರಿದ್ದೀರಿ?

ಬಂಟ್ವಾಳದ ಮಗಳು
ಅಕ್ಕಪಕ್ಕದವರು ದೀಪಾವಳಿಯ ಗೂಡುದೀಪ ಇಳಿಸುತ್ತಿದ್ದ ಹಾಗೆಯೇ ನಮ್ಮ ಮನೆಯಲ್ಲಿ ಕ್ರಿಸ್‌ಮಸ್ ನಕ್ಷತ್ರದ ಜಗಳ ಶುರುವಾಗಿದೆ. ಊರಿನಲ್ಲಿ ನಮ್ಮ ಪಪ್ಪ ಪ್ರತಿ ವರ್ಷ ಬಿದಿರು ಸೀಳಿ, ಬಣ್ಣದ ಕಾಗದ ಅಂಟಿಸಿ ನಕ್ಷತ್ರ ಕಟ್ಟುತ್ತಿದ್ದರು. ಈಗ ಕೈ ನಡುಗುತ್ತದೆ, ಕತ್ತಿ ಹಿಡಿಯಲು ನಾವೇ ಬಿಡುವುದಿಲ್ಲ. ಕಳೆದ ವರ್ಷ ತಮ್ಮ ಅಂಗಡಿಯಿಂದ ಪ್ಲಾಸ್ಟಿಕ್ಕಿನ ಎಲ್‌ಇಡಿ ನಕ್ಷತ್ರ ತಂದು ತೂಗುಹಾಕಿ “ಕೆಲಸ ಮುಗಿಯಿತು” ಎಂದ. ಪಪ್ಪ ಒಂದು ಮಾತೂ ಆಡಲಿಲ್ಲ. ಆದರೆ ಪ್ರತಿ ರಾತ್ರಿ ಎಂಟು ಗಂಟೆಗೇ ಅದರ ಪ್ಲಗ್ ಕೀಳುತ್ತಿದ್ದರು.

ಈ ಸಲ ನಾನೇ ಮಕ್ಕಳನ್ನು ಕೂರಿಸಿಕೊಂಡು ಕಟ್ಟಬೇಕೆಂದಿದ್ದೇನೆ. ಇರುವುದು ಬೆಂಗಳೂರಿನ ಫ್ಲ್ಯಾಟಿನಲ್ಲಿ. ಬಿದಿರಿನ ಸೀಳು ಇಲ್ಲಿ ಎಲ್ಲಿ ಸಿಗುತ್ತದೆ? ಅಂಟು ಯಾವುದು ಒಳ್ಳೆಯದು? ಡಿಸೆಂಬರಿನ ಇಬ್ಬನಿಗೆ ಕಾಗದ ಜೋಲು ಬೀಳದಂತೆ ಏನು ಮಾಡುತ್ತೀರಿ? ಜೊತೆಗೆ ನಿಮ್ಮ ಮನೆಗಳಲ್ಲಿ ಕೈಯಲ್ಲೇ ಮಾಡುವ ಅಲಂಕಾರ ಏನೇನಿವೆ ಎಂದೂ ತಿಳಿಸಿ.

ಬಿದಿರುಮೆಳೆ
ಬೆಂಗಳೂರಿನಲ್ಲೇ ಬಂಬೂ ಬಜಾರ್ ಇದೆಯಲ್ಲ. ಮೈಸೂರಿನಲ್ಲೂ ಅದೇ ಹೆಸರಿನ ಜಾಗವಿದೆ. ಏಣಿ, ಚಪ್ಪರದ ಗಳ ಮಾರುವವರ ಬಳಿ ಹೋಗಿ ಸೀಳಿಸಿಕೊಂಡೇ ಬನ್ನಿ. ಬಲಿತ ಬಿದಿರು ಕೇಳಿ. ಎಳೆಯದು ಒಣಗಿದ ಮೇಲೆ ಸೊಟ್ಟಗಾಗುತ್ತದೆ, ಕುಟ್ಟೆ ಹುಳವೂ ಬೇಗ ಹಿಡಿಯುತ್ತದೆ. ತಂದ ಸೀಳನ್ನು ಕೆಲವು ದಿನ ನೀರಿನಲ್ಲಿ ಮುಳುಗಿಸಿಟ್ಟು ನೆರಳಿನಲ್ಲಿ ಒಣಗಿಸಿ. ಹುಳಕ್ಕೆ ಬೇಕಾದ ಪಿಷ್ಟ ನೀರಿಗೆ ಹೋಗುತ್ತದೆ.

ಲೆಕ್ಕದ ಮೇಷ್ಟ್ರು
ಅಳತೆ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ಐದು ಮೂಲೆಯ ನಕ್ಷತ್ರಕ್ಕೆ ಒಂದೇ ಉದ್ದದ ಹತ್ತು ಸೀಳು ಬೇಕು, ಐದು ಮುಂಭಾಗಕ್ಕೆ, ಐದು ಹಿಂಭಾಗಕ್ಕೆ. ಸೀಳು 60 ಸೆಂಟಿಮೀಟರ್ ಇದ್ದರೆ ಎರಡೂ ತುದಿಗಳಿಂದ ಸುಮಾರು 23 ಸೆಂಟಿಮೀಟರಿಗೆ ಪೆನ್ಸಿಲ್ ಗುರುತು ಹಾಕಿ. ನಡುವೆ 14 ಉಳಿಯುತ್ತದೆ. ಸೀಳುಗಳು ಒಂದನ್ನೊಂದು ದಾಟಬೇಕಾದದ್ದು ಆ ಗುರುತುಗಳಲ್ಲೇ. ಉದ್ದ ಬೇರೆಯಾದರೆ 0.382ರಿಂದ ಗುಣಿಸಿದರಾಯಿತು. ಕಣ್ಣಂದಾಜಿನಲ್ಲಿ ಕಟ್ಟಿದವರ ನಕ್ಷತ್ರಕ್ಕೆ ಒಂದು ಕಾಲು ಗಿಡ್ಡವಾಗಿರುವುದು ಇದೇ ಕಾರಣಕ್ಕೆ.

ಎರಡು ಚೌಕಟ್ಟು ಆದ ಮೇಲೆ ಐದು ತುದಿಗಳನ್ನು ಜೋಡಿಸಿ ಬಿಗಿಯಾಗಿ ಕಟ್ಟಿ. ಆಮೇಲೆ ಒಳಗಿನ ಐದು ಮೂಲೆಗಳಲ್ಲಿ ಗೇಣಿಗಿಂತ ಚಿಕ್ಕದಾದ ಐದು ಕಡ್ಡಿಗಳನ್ನು ಅಡ್ಡ ಕೊಟ್ಟರೆ ಹೊಟ್ಟೆ ಉಬ್ಬುತ್ತದೆ. ಕಾಗದದ ತುಂಡು ಒಟ್ಟು 22: ಮುಂದೆ ಹಿಂದೆ ಸೇರಿ ಹತ್ತು ತ್ರಿಕೋನ, ಪಕ್ಕಗಳಿಗೆ ಹತ್ತು, ನಡುವಿನ ಪಂಚಕೋನ ಎರಡು.

ಸುಮ್ಮನೆ ಓದುವವ
ಮೇಷ್ಟ್ರೇ, ಹಬ್ಬಕ್ಕೂ ಹೋಂವರ್ಕ್ ಕೊಟ್ಟಿರಲ್ಲ.

ಕೊಡಿಯಾಲದ ಪೇಪರ್‌ವಾಲ
ಹಿಂಭಾಗದ ಪಂಚಕೋನಕ್ಕೆ ಕಾಗದ ಪೂರ್ತಿ ಅಂಟಿಸಬೇಡಿ. ಬಲ್ಬ್ ಒಳಗಿಡಲು ದಾರಿ ಬೇಕು, ಬಿಸಿ ಹೊರಗೆ ಹೋಗಲೂ ಬೇಕು. ಹಿಂದೆ 40, 60 ವ್ಯಾಟಿನ ಬಲ್ಬ್ ಹಾಕಿ ಕಾಗದ ಸುಟ್ಟುಕೊಂಡ ಮನೆಗಳು ನಮ್ಮ ಓಣಿಯಲ್ಲೇ ಇದ್ದವು. ಈಗ 5 ವ್ಯಾಟಿನ ಎಲ್‌ಇಡಿ ಸಾಕು.

ಕಾಗದದ ವಿಷಯ: ಗಾಳಿಪಟದ ತೆಳು ಕಾಗದಕ್ಕೆ ಬೆಳಕು ಚೆನ್ನಾಗಿ ಹರಡುತ್ತದೆ, ಮೈದಾ ಅಂಟಿಗೂ ಕೂರುತ್ತದೆ, ಆದರೆ ಇಬ್ಬನಿಗೆ ಸೋಲುತ್ತದೆ. ಗ್ಲಾಸ್ ಪೇಪರ್ ಮಿನುಗುತ್ತದೆ. ಆದರೆ ಬಲ್ಬ್ ನೇರವಾಗಿ ಕಣ್ಣಿಗೆ ಕುಕ್ಕುತ್ತದೆ, ಮೈದಾ ಅಂಟು ಅದಕ್ಕೆ ಹಿಡಿಯುವುದೂ ಇಲ್ಲ. ನಾನು ತೆಳು ಕಾಗದವನ್ನೇ ಹಾಕಿ ನಕ್ಷತ್ರವನ್ನು ಸೂರಿನ ಒಳಗೆ ಒಂದು ಮೊಳ ಸರಿಸಿ ಕಟ್ಟುತ್ತೇನೆ. ಇಬ್ಬನಿಗೆ ಅದಕ್ಕಿಂತ ದೊಡ್ಡ ಉಪಾಯವಿಲ್ಲ.

ಹಳೆಯ ರಟ್ಟು
ಪುಸ್ತಕಕ್ಕೆ ರಟ್ಟು ಹಾಕುವ ಕೆಲಸ ಮಾಡಿದವನು ನಾನು. ಮೈದಾ ಅಂಟು ಕಾಯಿಸುವಾಗ ಚಿಟಿಕೆ ಮೈಲುತುತ್ತ ಹಾಕಿ. ಜಿರಳೆ ಮುಟ್ಟುವುದಿಲ್ಲ, ಬೂಷ್ಟು ಹಿಡಿಯುವುದಿಲ್ಲ.

ಅಮ್ಮನ ಕಣ್ಣು
ದಯವಿಟ್ಟು ಮಕ್ಕಳೊಂದಿಗೆ ಮಾಡುವವರು ಈ ಸಲಹೆ ಪಾಲಿಸಬೇಡಿ! ಮೈಲುತುತ್ತ ವಿಷ. ಮಕ್ಕಳು ಅಂಟಿನ ಬೆರಳನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಫೆವಿಕಾಲ್‌ಗೆ ಸ್ವಲ್ಪ ನೀರು ಬೆರೆಸಿದರೆ ಸಾಕು.

ಹಳೆಯ ರಟ್ಟು
ನಾನು ಚಿಟಿಕೆ ಎಂದೆ, ಬೊಗಸೆ ಎನ್ನಲಿಲ್ಲ. ಆದರೂ ಮಕ್ಕಳಿದ್ದರೆ ಬೇಡ, ಒಪ್ಪಿದೆ. ಅಂಟು ಉಳಿಸಿಡದೆ ಅಂದಂದೇ ಕಾಯಿಸಿಕೊಂಡರೆ ಮೈಲುತುತ್ತದ ಅಗತ್ಯವೇ ಬೀಳುವುದಿಲ್ಲ.

ತಮ್ಮನ ಪರ
ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ. ತಮ್ಮ ತಂದ ಪ್ಲಾಸ್ಟಿಕ್ ನಕ್ಷತ್ರದಲ್ಲಿ ಏನು ದೋಷ? ಹತ್ತು ವರ್ಷ ಬರುತ್ತದೆ, ಮಳೆಗೂ ಜಗ್ಗುವುದಿಲ್ಲ. ಕಾಗದದ್ದು ಜನವರಿಯಲ್ಲಿ ತಿಪ್ಪೆಗೆ ಹೋಗುತ್ತದೆ. ಕೈಯಿಂದ ಮಾಡಿದರೆ ಮಾತ್ರ ಹಬ್ಬ ಎನ್ನುವುದು ಬಿಡುವು ಇರುವವರ ಮಾತು.

ಕೊಡಿಯಾಲದ ಪೇಪರ್‌ವಾಲ
ಯಾರು ಸ್ವಾಮಿ ತಿಪ್ಪೆಗೆ ಹಾಕುವವರು? ಬಿದಿರಿನ ಚೌಕಟ್ಟು ಅಟ್ಟ ಸೇರುತ್ತದೆ, ಮುಂದಿನ ವರ್ಷ ಕಾಗದ ಮಾತ್ರ ಹೊಸದು. ನಿಮ್ಮ ಎಲ್‌ಇಡಿ ನಕ್ಷತ್ರದಲ್ಲಿ ಒಂದು ಸಾಲು ದೀಪ ಹೋದರೆ ರಿಪೇರಿ ಮಾಡುವವರು ಯಾರು?

ಗೂಡುದೀಪದ ಹುಡುಗ
ನಾವು ಕ್ರೈಸ್ತರಲ್ಲ. ಆದರೆ ಈ ಚರ್ಚೆ ನಮ್ಮ ಮನೆಯದೇ ಎನಿಸುತ್ತಿದೆ. ತುಳುನಾಡಿನ ಗೂಡುದೀಪವೂ ಇದೇ ಬಿದಿರು, ಇದೇ ಕಾಗದ, ಇದೇ ಅಂಟು. ನನ್ನ ಸೋದರಮಾವ ದೀಪಾವಳಿ ಮುಗಿದ ಕೂಡಲೇ ಉಳಿದ ಸೀಳುಗಳಲ್ಲಿ ನಕ್ಷತ್ರ ಕಟ್ಟಿ ಇಗರ್ಜಿಯ ಪಕ್ಕದ ಅಂಗಡಿಗೆ ಕೊಡುತ್ತಿದ್ದರು. ಗೂಡುದೀಪಕ್ಕೆ ಕಾಗದದ ಬಾಲ ಕತ್ತರಿಸುವ ಕತ್ತರಿಯೇ ನಕ್ಷತ್ರದ ಬಾಲಕ್ಕೂ. ಆದ್ದರಿಂದ ಬೆಂಗಳೂರಿನಲ್ಲಿ ಅಲೆಯುವ ಬದಲು ಊರಿನಲ್ಲಿ ಗೂಡುದೀಪ ಕಟ್ಟುವವರನ್ನು ಹಿಡಿಯಿರಿ. ಚೌಕಟ್ಟು ಅವರು ಮಾಡಿಕೊಡುತ್ತಾರೆ, ಕಾಗದ ನೀವು ಅಂಟಿಸಿ. ಮಕ್ಕಳಿಗೆ ರುಚಿ ಇರುವುದು ಅಂಟಿಸುವುದರಲ್ಲೇ, ಬಿದಿರು ಸೀಳುವುದರಲ್ಲಿ ಅಲ್ಲ.

ಬಂಟ್ವಾಳದ ಮಗಳು
ಇದು ಒಳ್ಳೆಯ ದಾರಿ. ಪಪ್ಪನಿಗೂ ಅಂಟಿಸುವುದಕ್ಕೆ ಕೈ ಬರುತ್ತದೆ.

ಇತಿಹಾಸಪ್ರಿಯ
ನಕ್ಷತ್ರ ತೂಗುಹಾಕುವುದನ್ನು ನಮಗೆ ಕಲಿಸಿದವರು ಜರ್ಮನ್ನರು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಾಗ ತಂದದ್ದು.

ದಾಖಲೆ ಕೇಳುವವಳು
ದಾಖಲೆ?

ಇತಿಹಾಸಪ್ರಿಯ
ಜರ್ಮನಿಯ ಹೆರ್ನ್‌ಹೂಟ್ ಊರಿನ ನಕ್ಷತ್ರ ಪ್ರಸಿದ್ಧವಲ್ಲವೇ? ಅದೂ ಕಾಗದದ್ದು, ಒಳಗೆ ದೀಪವಿಡುವಂಥದ್ದು. ಬಾಸೆಲ್ ಮಿಷನ್ನಿನಲ್ಲೂ ಜರ್ಮನ್ನರಿದ್ದರು. ಇನ್ನೇನು ಬೇಕು?

ದಾಖಲೆ ಕೇಳುವವಳು
ಇನ್ನೂ ಬಹಳ ಬೇಕು. ಹೆರ್ನ್‌ಹೂಟ್ ನಕ್ಷತ್ರ ಮೊರಾವಿಯನ್ ಪಂಥದವರದು. ಅವರ ಶಾಲೆಯೊಂದರಲ್ಲಿ ರೇಖಾಗಣಿತ ಕಲಿಸಲು ಮಕ್ಕಳಿಂದ ಮಾಡಿಸುತ್ತಿದ್ದ ವಸ್ತು, ಆಮೇಲೆ ಹಬ್ಬಕ್ಕೆ ಬಂತು. ಅದಕ್ಕೆ ಐದು ಮೂಲೆಯಲ್ಲ, 25 ಮೊನೆಗಳು: 17 ಚೌಕ ಬುಡದವು, 8 ತ್ರಿಕೋನ ಬುಡದವು. ಬಾಸೆಲ್ ಮಿಷನ್ ಬೇರೆಯೇ ಪ್ರೊಟೆಸ್ಟೆಂಟ್ ಸಂಸ್ಥೆ, ಮಂಗಳೂರಿಗೆ ಬಂದದ್ದು 1834ರಲ್ಲಿ. ಬಂಟ್ವಾಳದ ಕೊಂಕಣಿ ಕ್ಯಾಥೊಲಿಕರ ಹಿರಿಯರು ಗೋವಾ ಕಡೆಯಿಂದ ಅದಕ್ಕಿಂತ ಎಷ್ಟೋ ಮೊದಲೇ ಬಂದವರು. ಎರಡು ವಸ್ತು ಹೋಲುತ್ತವೆ ಎಂದ ಮಾತ್ರಕ್ಕೆ ಒಂದು ಇನ್ನೊಂದರ ಮಗುವಾಗುವುದಿಲ್ಲ.

ಇತಿಹಾಸಪ್ರಿಯ
ಹಾಗಾದರೆ ಎಲ್ಲಿಂದ ಬಂತು ಎಂದು ನೀವೇ ಹೇಳಿ ನೋಡೋಣ.

ದಾಖಲೆ ಕೇಳುವವಳು
ಹೇಳಲೇಬೇಕೆಂಬ ಹಟ ನನಗಿಲ್ಲ. ಬಿದಿರು, ಕಾಗದ, ಅಂಟು ಇದ್ದ ಊರಿನಲ್ಲಿ ನಕ್ಷತ್ರ ಕಟ್ಟಲು ಜರ್ಮನ್ ಪಾದ್ರಿಯೇ ಬೇಕಿತ್ತೇ?

ದೋಹಾದ ಹಗಲುಪಾಳಿ
ಬಿದಿರು ನಕ್ಷತ್ರ ನಮ್ಮದೇ ಎಂದು ಬೀಗುವವರು ಒಮ್ಮೆ ಫಿಲಿಪ್ಪೀನ್ಸಿನವರ ಜೊತೆ ಕೆಲಸ ಮಾಡಿ ನೋಡಬೇಕು. ಅವರದು ‘ಪರೋಲ್’. ಅದೇ ಬಿದಿರು, ಅದೇ ಐದು ಮೂಲೆ, ಎರಡು ಬಾಲ. ಸೆಪ್ಟೆಂಬರ್ ಹುಟ್ಟಿದರೆ ಸಾಕು, ಅವರಿಗೆ ಕ್ರಿಸ್‌ಮಸ್ ಶುರು. ಡಿಸೆಂಬರ್ 16ರಿಂದ 24ರವರೆಗೆ ನಸುಕಿನ ಪೂಜೆಗಳಿರುತ್ತವೆ. ಸಾನ್ ಫರ್ನಾಂಡೊ ಎಂಬ ಊರಿನಲ್ಲಿ ಲಾರಿಯ ಮೇಲೆ ಸಾಗಿಸುವಷ್ಟು ದೊಡ್ಡ ದೀಪಗಳ ಸ್ಪರ್ಧೆಯೇ ನಡೆಯುತ್ತದೆ. ನಮ್ಮ ವಸತಿಗೃಹದಲ್ಲಿ ಬಿದಿರು ಸಿಗದೆ ಅವರು ಐಸ್‌ಕ್ರೀಮ್ ಕಡ್ಡಿ, ಕುಡಿಯುವ ನಳಿಗೆ, ಹಳೆಯ ಸಿ.ಡಿ. ಎಲ್ಲವನ್ನೂ ಬಳಸಿದರು. ನಾನು ಸುತ್ತಿಗೆ ಹಿಡಿದು ನೋಡುತ್ತಾ ನಿಂತಿದ್ದೆ, ಸುತ್ತಿಗೆಯ ಕೆಲಸವೇ ಇರಲಿಲ್ಲ.

ಮಲೆನಾಡಿನ ಸೊಸೆ
ನಕ್ಷತ್ರ ಗಂಡಸರ ಕೆಲಸ, ಅದಕ್ಕೆ ಊರೆಲ್ಲ ಹೊಗಳಿಕೆ. ಬೀದಿಗೆ ಕಾಣುತ್ತದಲ್ಲ! ನಮ್ಮ ಅತ್ತೆ ಕ್ರೋಶಾ ಕಡ್ಡಿಯಲ್ಲಿ ಹೆಣೆದ ಪುಟ್ಟ ಗಂಟೆ, ದೇವದೂತರು ಒಂದು ಡಬ್ಬಿ ತುಂಬ ಇವೆ. ಅವರು ಹೋದ ಮೇಲೂ ಪ್ರತಿ ವರ್ಷ ಮರಕ್ಕೆ ಕಟ್ಟುತ್ತೇವೆ. ಅದನ್ನು ಯಾರೂ ‘ಪರಂಪರೆ’ ಎಂದು ಕರೆದದ್ದು ನಾನು ಕೇಳಿಲ್ಲ. ‘ಅಮ್ಮನಿಗೆ ಹೊತ್ತು ಹೋಗುವುದಿಲ್ಲ’ ಎನ್ನುತ್ತಿದ್ದರು.

ಗೂಡುದೀಪದ ಹುಡುಗ
ಅಕ್ಕ, ಚುಚ್ಚಿದರೂ ಸರಿಯಾಗಿಯೇ ಚುಚ್ಚಿದಿರಿ.

ನೂಲು ಮತ್ತು ಸೂಜಿ
ಕ್ರೋಶಾ ಗಂಟೆ ಸೆಟೆದು ನಿಲ್ಲಲು ಅವರು ಏನು ಹಾಕುತ್ತಿದ್ದರು? ಇಂಟರ್ನೆಟ್ಟಿನಲ್ಲಿ ಸಕ್ಕರೆ ಪಾಕದಲ್ಲಿ ಅದ್ದಿ ಎಂದಿದೆ.

ಮಲೆನಾಡಿನ ಸೊಸೆ
ಸಕ್ಕರೆ ಪಾಕ! ಹಿಮ ಬೀಳುವ ದೇಶದಲ್ಲಿ ಇರುವೆಗಳು ಮಲಗಿರುತ್ತವೆ, ಅಲ್ಲಿ ನಡೆಯುತ್ತದೆ. ಇಲ್ಲಿ ದೇವದೂತರ ರೆಕ್ಕೆಯ ಮೇಲೆ ಇರುವೆಗಳ ಮೆರವಣಿಗೆ ಹೋಗುತ್ತದೆ. ಅತ್ತೆ ಸೀರೆಗೆ ಹಾಕುವ ಸಾಬೂದಾನದ ಗಂಜಿಯನ್ನೇ ಗಟ್ಟಿಯಾಗಿ ಕಾಯಿಸಿ ಅದ್ದುತ್ತಿದ್ದರು. ಗಂಟೆಯನ್ನು ಪುಟ್ಟ ಲೋಟದ ಮೇಲೆ ಕವುಚಿ, ಬಿಸಿಲಿನಲ್ಲಿಟ್ಟು ಒಣಗಿಸಬೇಕು. ಮಳೆಗಾಲಕ್ಕೆ ಮೊದಲು ಗಂಜಿ ತೊಳೆದು, ಒಣಗಿಸಿ, ಡಬ್ಬಿಗೆ ಹಾಕಿ. ಗಂಜಿ ಹಾಗೇ ಬಿಟ್ಟರೆ ಬೆಳ್ಳಿಮೀನು ಹುಳ ತಿನ್ನುತ್ತದೆ.

ಅಮ್ಮನ ಕಣ್ಣು
ಉಪ್ಪಿನ ಹಿಟ್ಟಿನ ಅಲಂಕಾರವೂ ಹೀಗೆಯೇ. ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು, ಸುಮಾರು ಒಂದು ಲೋಟ ನೀರು. ನಾದಿ, ಲಟ್ಟಿಸಿ, ಅಚ್ಚಿನಲ್ಲಿ ಕತ್ತರಿಸಿ, ಒಲೆಗೆ ಹಾಕುವ ಮೊದಲೇ ದಾರಕ್ಕೆ ತೂತು ಮಾಡಿ, ಓವನ್ನಿನಲ್ಲಿ 100–120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಒಣಗಿಸಬೇಕು. ಬೆಂಗಳೂರಿನಲ್ಲಿ ಬಾಳುತ್ತದೆ. ಅದೇ ವಸ್ತುವನ್ನು ಮಂಗಳೂರಿನ ನಾದಿನಿಗೆ ಕಳಿಸಿದೆ, ಉಪ್ಪು ತೇವ ಎಳೆದುಕೊಂಡು ಹೊಸ ವರ್ಷಕ್ಕೆ ಮೆತ್ತಗಾಗಿತ್ತು. ಕರಾವಳಿಯವರು ಎರಡೂ ಬದಿಗೆ, ಅಂಚಿಗೂ ಬಿಡದೆ ವಾರ್ನಿಷ್ ಹೊಡೆಯಿರಿ.

ಅಡಿಕೆ ತೋಟ
ಕರಾವಳಿಯವರಿಗೆ ಮೈದಾ ಯಾಕೆ? ಅಡಿಕೆ ಹಾಳೆ ಇದೆ. ಬಿದ್ದ ಹಾಳೆಯನ್ನು ನೆನೆಸಿ, ಮೆತ್ತಗಾದಾಗ ಕತ್ತರಿಯಲ್ಲಿ ನಕ್ಷತ್ರ, ಗಂಟೆ, ಮೀನು ಏನು ಬೇಕಾದರೂ ಕತ್ತರಿಸಿ. ಎರಡು ಹಲಗೆಯ ನಡುವೆ ಭಾರವಿಟ್ಟು ಒಣಗಿಸಿ. ಹಾಳೆಯ ಗೆರೆಗಳೇ ಅದಕ್ಕೆ ಚಿತ್ತಾರ, ಬಣ್ಣ ಬೇಡ.

ರೇಷ್ಮೆ ಸೀಮೆ
ನಮ್ಮ ಕಡೆ ಚಿಟ್ಟೆ ಹೊರಬಂದು ತೂತಾದ ರೇಷ್ಮೆಗೂಡು ನೂಲು ಬಿಚ್ಚಲು ಬರುವುದಿಲ್ಲ. ಅದನ್ನೇ ಕತ್ತರಿಸಿ ಹೂವು, ಹಾರ ಮಾಡುತ್ತಾರೆ. ನನ್ನ ಮಗಳು ಗೂಡಿಗೆ ಎರಡು ಕಣ್ಣು, ಕೆಂಪು ಟೋಪಿ ಅಂಟಿಸಿ ಸಾಂಟಾ ಮಾಡಿ ಗೆಳತಿಯ ಮರಕ್ಕೆ ಕೊಟ್ಟಳು. ಗೂಡಿನ ಬಿಳುಪೇ ಗಡ್ಡಕ್ಕೆ ಆಯಿತು.

ತಮ್ಮನ ಪರ
ಚನ್ನಪಟ್ಟಣದ ಅಲಂಕಾರ ಕೊಂಡರೆ? ಅದು ‘ಕೈಯಿಂದ ಮಾಡಿದ್ದು’ ಆಗುತ್ತದೆಯೋ, ನಮ್ಮದೇ ಕೈ ಆಗಬೇಕೋ?

ಅರಗು ಬಣ್ಣ
ನಾನು ಆ ಊರಿನವನು, ಆದ್ದರಿಂದ ಪಕ್ಷಪಾತಿ. ಹಾಲೆ ಮರದ ತುಂಡನ್ನು ಕಡೆಯುವ ಯಂತ್ರಕ್ಕೆ (ಲೇತ್) ಸಿಕ್ಕಿಸಿ, ತಿರುಗುವಾಗ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಕೂರುತ್ತದೆ, ಆಮೇಲೆ ತಾಳೆ ಗರಿಯಿಂದ ತಿಕ್ಕಿ ಹೊಳಪು ತರುತ್ತಾರೆ. ಈಗ ಗಂಟೆ, ಪುಟ್ಟ ಮರ, ಹಿಮಮಾನವ ಎಲ್ಲ ಆಗುತ್ತಿವೆ, ಹೊರದೇಶಕ್ಕೂ ಹೋಗುತ್ತವೆ. ಹಬ್ಬಕ್ಕೆ ಇಡೀ ಮರವನ್ನು ಮನೆಯವರೇ ಮಾಡಬೇಕೆಂದರೆ ನಮ್ಮ ಕುಶಲಕರ್ಮಿಗಳು ಏನು ಮಾಡಬೇಕು? ಒಂದೆರಡು ಕೊಳ್ಳಿ, ಉಳಿದದ್ದು ಮಾಡಿ.

ಕೋಪನ್‌ಹೇಗನ್ ಕನ್ನಡತಿ
ಇಲ್ಲಿ ಡೆನ್ಮಾರ್ಕಿನಲ್ಲಿ ಪ್ರತಿ ಮನೆಯಲ್ಲೂ ಕಾಗದದ ಹೃದಯ ಹೆಣೆಯುತ್ತಾರೆ. ಕೆಂಪು ಬಿಳಿ ಎರಡು ಕಾಗದ ಮಡಚಿ, ಸೀಳಿ, ಒಂದರೊಳಗೊಂದು ಚಾಪೆಯಂತೆ ನೇಯುವುದು. ಬಿಡಿಸಿದರೆ ಪುಟ್ಟ ಚೀಲವಾಗುತ್ತದೆ, ಒಳಗೆ ಮಿಠಾಯಿ ಹಾಕಿ ಮರಕ್ಕೆ ತೂಗುತ್ತಾರೆ. ಉಳಿದಿರುವವುಗಳಲ್ಲಿ ಅತಿ ಹಳೆಯದನ್ನು 1860ರಲ್ಲಿ ಮಾಡಿದವರು ಮಕ್ಕಳ ಕಥೆಗಾರ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್. ನನ್ನ ಮಗ ಶಿಶುವಿಹಾರದಲ್ಲಿ ಕಲಿತು ಬಂದು ನನಗೆ ಕಲಿಸಿದ. ನಾನು ಅದಕ್ಕೆ ಕಡಲೆಮಿಠಾಯಿ ತುಂಬುತ್ತೇನೆ, ಡೇನರು ಖುಷಿಯಿಂದಲೇ ತಿನ್ನುತ್ತಾರೆ.

ಸುಮ್ಮನೆ ಓದುವವ
ಆ ಬಣ್ಣದ ಗಾಜಿನ ಗುಂಡುಗಳು ಎಲ್ಲಿಯವು? ನಮ್ಮ ಪಕ್ಕದ ಮನೆಯ ಆಂಟಿ ಒಂದನ್ನು ಹತ್ತಿಯಲ್ಲಿ ಸುತ್ತಿ ಬೀಗ ಹಾಕಿಟ್ಟಿದ್ದಾರೆ.

ದಾಖಲೆ ಕೇಳುವವಳು
ಜರ್ಮನಿಯ ಲೌಷಾ ಎಂಬ ಗಾಜಿನ ಕುಲುಮೆಗಳ ಊರು ಅದರ ತವರು. ಅಲ್ಲೂ ಅದು ಮನೆಕೆಲಸವೇ: ಒಬ್ಬರು ಊದುವುದು, ಇನ್ನೊಬ್ಬರು ಒಳಗೆ ಬೆಳ್ಳಿ ದ್ರಾವಣ ಸುರಿದು ಅಲುಗಿಸುವುದು, ಮಕ್ಕಳು ಬಣ್ಣಕ್ಕೆ, ಟೊಪ್ಪಿಗೆ ಸಿಕ್ಕಿಸಲು. ಇತಿಹಾಸಪ್ರಿಯರೇ, ಇದು ಮಾತ್ರ ಖಂಡಿತ ಜರ್ಮನ್ನರದೇ.

ಇತಿಹಾಸಪ್ರಿಯ
ಧನ್ಯವಾದ. ಒಂದಾದರೂ ಕೊಟ್ಟಿರಿ.

ಮೈಸೂರು ಬೊಂಬೆ
ಯಾರೂ ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ದೃಶ್ಯ) ಮಾತೇ ಎತ್ತಿಲ್ಲವಲ್ಲ? ನಮ್ಮ ಮನೆಯಲ್ಲಿ ದಸರೆಗೆ ಬೊಂಬೆ ಕೂರಿಸುತ್ತೇವೆ. ಎದುರು ಮನೆಯವರು ಡಿಸೆಂಬರಿನಲ್ಲಿ ಗೋದಲಿ ಕೂರಿಸುತ್ತಾರೆ. ಎರಡಕ್ಕೂ ರಾಗಿ ಪೈರು ಬೆಳೆಸುವವರು ನಮ್ಮ ಅಜ್ಜಿ. ಬೊಂಬೆಯ ಮುಂದಿನ ಪಾರ್ಕಿಗೆ ಹುಲ್ಲು, ಗೋದಲಿಯ ಮುಂದೆ ಕುರಿಗಳಿಗೆ ಹುಲ್ಲು. ರಾತ್ರಿ ನೆನೆಸಿ, ತಟ್ಟೆಯಲ್ಲಿ ಮರಳು ಮಣ್ಣು ಬೆರೆಸಿ ಚೆಲ್ಲಿ, ತೆಳು ಬಟ್ಟೆ ಮುಚ್ಚಿ ನೀರು ಚಿಮುಕಿಸಬೇಕು. ಡಿಸೆಂಬರಿನ ಚಳಿಗೆ ಮೊಳಕೆ ನಿಧಾನ, ಹಬ್ಬಕ್ಕೆ ಎರಡು ವಾರ ಮೊದಲೇ ಹಾಕಿ. ತಡವಾಯಿತೆಂದರೆ ಗೋಧಿ ಹಾಕಿ, ಅದು ವಾರಕ್ಕೆಲ್ಲ ಮೂರು ನಾಲ್ಕು ಇಂಚು ಬರುತ್ತದೆ.

ಬಂಟ್ವಾಳದ ಮಗಳು
ನಮ್ಮಲ್ಲಿ ಭತ್ತ ಹಾಕುತ್ತಾರೆ. ಗುಡ್ಡಕ್ಕೆ ಗೋಣಿಚೀಲವನ್ನು ಕೆಸರು ನೀರಿನಲ್ಲಿ ಅದ್ದಿ ಕಲ್ಲಿನ ಮೇಲೆ ಹೊದಿಸುವುದು, ಕೊಳಕ್ಕೆ ಒಡೆದ ಕನ್ನಡಿ, ಚಾವಣಿಗೆ ಬೈಹುಲ್ಲು. ಬಾಲಯೇಸುವನ್ನು ಮಾತ್ರ 24ರ ರಾತ್ರಿಯವರೆಗೆ ಇಡುವ ಹಾಗಿಲ್ಲ.

ಹಿಮ ಬೇಡ
ಗೋದಲಿಯ ಮೇಲೆ ಹತ್ತಿ ಹರಡಿ ಹಿಮ ಮಾಡುವವರ ಬಗ್ಗೆ ನನಗೆ ತಕರಾರಿದೆ. ಉಡುಪಿಯ ಸೆಕೆಯಲ್ಲಿ ಹಿಮವೇ? ಬೆತ್ಲೆಹೇಮಿನಲ್ಲಿ ಇರುವುದು ಆಲಿವ್ ತೋಪುಗಳು, ಕಲ್ಲು ಗುಡ್ಡ. ಜರ್ಮನಿಯ ಕಾಡನ್ನು ಇಲ್ಲಿ ಹತ್ತಿಯಲ್ಲಿ ನಟಿಸುವುದು ಯಾಕೆ?

ಕೊಡಿಯಾಲದ ಪೇಪರ್‌ವಾಲ
ಬೈಹುಲ್ಲಿನ ಚಾವಣಿಯೂ ಬೆತ್ಲೆಹೇಮಿನದಲ್ಲ ಸ್ವಾಮಿ. ಅಸ್ಸೀಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಊರಿನಲ್ಲಿ ಗೋದಲಿ ಮಾಡಿದಾಗ ಅಲ್ಲಿಯದೇ ಎತ್ತು, ಕತ್ತೆ, ಹುಲ್ಲು ತಂದರು. ಅವರವರ ಊರಿನದು ಅವರವರಿಗೆ. ಹತ್ತಿಯೂ ನಮ್ಮ ಧಾರವಾಡ ಹಾವೇರಿಯಲ್ಲಿ ಬೆಳೆಯುವುದೇ ಅಲ್ಲವೇ?

ಹಿಮ ಬೇಡ
ವಾದಕ್ಕೆ ವಾದ. ಆದರೆ ಮರಕ್ಕೂ ಹಾಗೆಯೇ ಮಾಡಿ. ಪ್ಲಾಸ್ಟಿಕ್ ದೇವದಾರು ಬೇಡ. ನಮ್ಮ ಬಾಲ್ಯದಲ್ಲಿ ಗಾಳಿಮರದ ಒಂದು ಕೊಂಬೆ ತಂದು ಮರಳು ತುಂಬಿದ ಡಬ್ಬಿಯಲ್ಲಿ ನಿಲ್ಲಿಸುತ್ತಿದ್ದೆವು.

ಮೈಸೂರು ಬೊಂಬೆ
ಎದುರು ಮನೆಯ ಗೋದಲಿಯಲ್ಲಿ ಮೂವರು ಜ್ಞಾನಿಗಳ ಒಂಟೆ ಮುರಿದುಹೋಗಿ ಅಲ್ಲಿ ನಮ್ಮ ದಸರೆಯ ಅಂಬಾರಿ ಆನೆ ನಿಂತಿದೆ. ಅವರ ಮೊಮ್ಮಗ ಪಕ್ಕದಲ್ಲಿ ಡೈನೋಸಾರನ್ನೂ ಇಟ್ಟಿದ್ದಾನೆ.

ಹಿಮ ಬೇಡ
ಡೈನೋಸಾರ್ ಅತಿಯಾಯಿತು.

ಗೂಡುದೀಪದ ಹುಡುಗ
ಬೊಂಬೆ ಮೆಟ್ಟಿಲ ಮೇಲೆ ಕ್ರಿಕೆಟ್ ತಂಡ ಕೂರುವ ಊರಿನಲ್ಲಿ ಡೈನೋಸಾರಿಗೆ ಜಾಗವಿಲ್ಲವೇ?

ಅಮ್ಮನ ಕಣ್ಣು
ಆ ಡೈನೋಸಾರ್ ಇದ್ದರೆ ಮಾತ್ರ ಆ ಹುಡುಗ ರಾಗಿಗೆ ನೀರು ಹಾಕುತ್ತಾನೆ ಎಂದು ನನ್ನ ಅನುಮಾನ. ಬಿಟ್ಟುಬಿಡಿ.

ಮಲೆನಾಡಿನ ಸೊಸೆ
ಇಷ್ಟೊಂದು ಮಾತಿನಲ್ಲಿ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳ ಬಗ್ಗೆ ಒಬ್ಬರೂ ಹೇಳಲಿಲ್ಲ. ಅದೂ ಕೈಕೆಲಸವೇ. ಕಿಡ್ಯೊ ಎಂಬ ಕರಿದ ಸಿಹಿತಿಂಡಿಯ ಸುರುಳಿ ಸುತ್ತುವುದಕ್ಕಿಂತ ಸೂಕ್ಷ್ಮದ ಕಸೂತಿ ಬೇರೆ ಇದೆಯೇ? ಒಂದು ಮೇಜಿಗೆ ನಾಲ್ಕು ಜನ ಹೆಂಗಸರು, ಗಂಡಸರು ರುಚಿ ನೋಡಲು ಮಾತ್ರ ಒಳಗೆ ಬರುತ್ತಾರೆ.

ದೋಹಾದ ಹಗಲುಪಾಳಿ
ನಾನು ಸುತ್ತುತ್ತೇನೆ! ಫೋರ್ಕಿನ ಹಿಂಭಾಗದ ಮೇಲೆ ಹಿಟ್ಟಿನ ಉಂಡೆ ಒತ್ತಿ ಉರುಳಿಸಿದರೆ ಗೆರೆ ಬೀಳುತ್ತದೆ.

ಮಲೆನಾಡಿನ ಸೊಸೆ
ಫೋರ್ಕಿನಲ್ಲಿ ಗೆರೆ ಅಗಲ ಬರುತ್ತದೆ. ಹೊಸ ಬಾಚಣಿಗೆ ಬೇಕು, ಸಣ್ಣ ಹಲ್ಲಿನದು.

ನಿರ್ವಾಹಕ
ಕುಸ್ವಾರಿಗೆ ಬೇರೆ ಚರ್ಚೆ ತೆರೆದಿದ್ದೇನೆ, ಅಲ್ಲಿಗೆ ಬನ್ನಿ. ಇಲ್ಲಿ ಅಲಂಕಾರ ಮಾತ್ರ.

ನೂಲು ಮತ್ತು ಸೂಜಿ
ಬಾಚಣಿಗೆಗೆ ಎಣ್ಣೆ ಸವರಬೇಕೇ, ಒಣಗಿದ್ದರೆ ಸಾಕೇ?

ಮಲೆನಾಡಿನ ಸೊಸೆ
ಸವರಿ. ಇಲ್ಲವಾದರೆ ಹಿಟ್ಟು ಹಲ್ಲಿಗೆ ಅಂಟಿಕೊಂಡು ಸುರುಳಿ ಹರಿಯುತ್ತದೆ.